ಬಿಸಿನೀರಿನ ಗುಡುಗುಡು

ಮನೆಯ ವಿಷಯ ಮನೆಯೊಳಗೇ ಇರಬೇಕು ಅನ್ನುತ್ತಾರೆ ಹಿರಿಯರು. ಮದುವೆ ಸಾಲ, ಅಣ್ಣತಮ್ಮಂದಿರ ಪಾಲು, ಮಗನ ಅಂಕಪಟ್ಟಿ, ಇವನ್ನೆಲ್ಲ ಹೇಗೋ ಮುಚ್ಚಿಡಬಹುದು. ಆದರೆ ಗೋಡೆಯೊಳಗಿನ ಬಿಸಿನೀರಿನ ಪೈಪು ಬಾಯಿ ತೆಗೆದರೆ ಅದನ್ನು ಮುಚ್ಚುವ ಉಪಾಯ ಯಾವ ಹಿರಿಯರಿಗೂ ಗೊತ್ತಿಲ್ಲ. ಊರ್ಡಿಗೆರೆಯಲ್ಲಿ ಬೆಳಗಿನ ಜಾವ ಕ್ಯಾನ್ ಹಿಡಿದು ಡೇರಿಗೆ ಹೊರಟವರು ನಮ್ಮ ಕಿಟಕಿಯ ಹತ್ತಿರ ನಿಂತು, "ಏನ್ ಸಾ, ಒಳಗೇ ಬೋರ್ ಕೊರೆಸ್ತಾ ಇದ್ದೀರಾ?" ಎಂದು ಕೇಳಿದ ದಿನವೇ ನಮ್ಮ ಬಚ್ಚಲುಮನೆ ಸಾರ್ವಜನಿಕ ಸ್ವತ್ತಾಯಿತು.

ಪುಷ್ಯ ಮಾಸದಲ್ಲಿ ನಮ್ಮೂರಿಗೆ ಬಾರದವರು ಇದನ್ನು ಸಣ್ಣ ಸಂಗತಿ ಎಂದಾರು. ಸುಮಾರು 1,200 ಮೀಟರ್ ಎತ್ತರದ ದೇವರಾಯನದುರ್ಗ ನಮ್ಮ ಮಗ್ಗುಲಲ್ಲೇ ಇದೆ. ರಾತ್ರಿಯಿಡೀ ನರಸಿಂಹಸ್ವಾಮಿಯ ಸನ್ನಿಧಿಯಲ್ಲಿದ್ದ ಮಂಜು ಬೆಳಗಾಗುವ ಹೊತ್ತಿಗೆ ಕೆಳಗಿಳಿದು ನಮ್ಮ ರಗ್ಗಿನೊಳಗೆ ನುಸುಳುತ್ತದೆ. ಆ ದಿನಗಳಲ್ಲಿ ತಣ್ಣೀರು ಮೈಮೇಲೆ ಸುರಿದುಕೊಳ್ಳುವವರು ಅಯ್ಯಪ್ಪನ ಮಾಲೆ ಹಾಕಿದವರು ಮಾತ್ರ. ಅವರ ಶರಣು ಘೋಷಕ್ಕೂ ಮೊದಲ ಚೊಂಬಿಗೂ ಬಹಳ ಹತ್ತಿರದ ಸಂಬಂಧ. ಉಳಿದ ನಮ್ಮಂಥ ಸಂಸಾರಿಗಳಿಗೆ ಬಿಸಿನೀರೇ ಶರಣು.

ಮೊದಲು ನಮ್ಮ ಬಚ್ಚಲಲ್ಲಿ ತಾಮ್ರದ ಹಂಡೆಯಿತ್ತು. ಅದಕ್ಕೆ ಪೈಪಿಲ್ಲ, ವಾಲ್ವಿಲ್ಲ. ಬಾಯಿ ತೆರೆದ ಪಾತ್ರೆಯಾದ್ದರಿಂದ ಗಾಳಿ ತನ್ನ ಪಾಡಿಗೆ ತಾನು ಬಂದು ಹೋಗುತ್ತಿತ್ತು. ಒಲೆಗೆ ತೆಂಗಿನ ಗರಿ, ಮಟ್ಟೆ, ಕರಟ. ಕಲ್ಪತರು ನಾಡಿನಲ್ಲಿ ಅದಕ್ಕೇನು ಬರ? ಹೊಗೆ ಮಾತ್ರ ವಿಪರೀತ. ಸ್ನಾನ ಮುಗಿಸಿ ಬಂದವನ ಮೈ ಮಡಿ, ಕಣ್ಣು ಕೆಂಡ. ಈ ಹೊಗೆಯ ಸಂಕಟ ವಿಜ್ಞಾನಿಗಳ ತನಕ ಹೋಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳ್ತನದಲ್ಲಿ ಶುರುವಾದ 'ಅಸ್ತ್ರ' ಕೇಂದ್ರದವರು ನಮ್ಮ ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರಕ್ಕೆ ಬಂದು ಬಿಡಾರ ಹೂಡಿದರು. ಹಳ್ಳಿಯವರು ಉರಿಸುವ ಸೌದೆಯ ಲೆಕ್ಕ ಹಾಕಿದರು. ಅವರು ರೂಪಿಸಿದ ಅಸ್ತ್ರ ಒಲೆ ಕಡಿಮೆ ಸೌದೆ ತಿಂದು, ಹೊಗೆಯನ್ನು ಕೊಳವೆಯಲ್ಲಿ ಹೊರಗಟ್ಟುತ್ತಿತ್ತು. ದೊಡ್ಡ ದೊಡ್ಡ ಪ್ರೊಫೆಸರುಗಳು ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತ ಜಿಲ್ಲೆ ನಮ್ಮದು ಎಂದು ನಾನು ಈಗಲೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇನೆ.

ಆಮೇಲೆ ಸೋಲಾರ್ ಬಂತು. ಹಂಡೆ ಅಟ್ಟ ಸೇರಿತು. ಆ ವರ್ಷದ ದೀಪಾವಳಿ, ನೀರು ತುಂಬುವ ಹಬ್ಬದ ಸಂಜೆ, ಅಮ್ಮ ಸುಣ್ಣ ಕೆಮ್ಮಣ್ಣಿನ ಬಟ್ಟಲು ಹಿಡಿದು, ಮಂಡಿನೋವನ್ನೂ ಲೆಕ್ಕಿಸದೆ ತಾರಸಿ ಹತ್ತಿದರು. ಅಡ್ಡಡ್ಡ ಮಲಗಿದ್ದ ಬಿಳಿ ಟ್ಯಾಂಕಿನ ಸುತ್ತ ಎರಡು ಬಾರಿ ತಿರುಗಿ ಕೇಳಿದರು: "ಇದರ ಕುತ್ತಿಗೆ ಎಲ್ಲಪ್ಪಾ? ಬಳ್ಳಿ ಎಲ್ಲಿಗೆ ಸುತ್ತಲಿ?" ಪೀಪಾಯಿಗೆ ಕುತ್ತಿಗೆ ನಾನೆಲ್ಲಿಂದ ತರಲಿ? ಕೊನೆಗೆ ಟ್ಯಾಂಕಿನ ನೆತ್ತಿಯಿಂದ ನೇರ ಮೇಲೆದ್ದು ನಿಂತಿದ್ದ ಕೊಳವೆಯೊಂದು ಅವರ ಕಣ್ಣಿಗೆ ಬಿತ್ತು. ಅದು ಯಾಕಿದೆಯೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದಕ್ಕೇ ಬಳ್ಳಿ ಸುತ್ತಿ, ಕುಂಕುಮ ಇಟ್ಟು, ಕೈ ಮುಗಿದು ಇಳಿದರು.

ಸೋಲಾರಿನ ಸೊಗಸು ಏನೆಂದರೆ ಅದರಲ್ಲಿ ಮೋಟಾರಿಲ್ಲ. ಬಿಸಿಲಿಗೆ ಫಲಕದೊಳಗಿನ ನೀರು ಕಾಯುತ್ತದೆ, ಕಾದದ್ದು ಹಗುರಾಗಿ ಮೇಲಿನ ಟ್ಯಾಂಕಿಗೆ ಏರುತ್ತದೆ, ಟ್ಯಾಂಕಿನ ತಳದ ತಣ್ಣೀರು ಭಾರಕ್ಕೆ ಫಲಕಕ್ಕೆ ಇಳಿಯುತ್ತದೆ. ಹೀಗೆ ಸಂಜೆಯ ತನಕ ಸುತ್ತು. ಯಾರ ಅಪ್ಪಣೆಯೂ ಬೇಡ, ಕರೆಂಟೂ ಬೇಡ. ಇದಕ್ಕೆ ಬೆಸ್ಕಾಂನವರು ಯೂನಿಟ್ಟಿಗೆ 50 ಪೈಸೆಯಂತೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ರಿಯಾಯಿತಿ ಇಟ್ಟಿದ್ದರು. 2023ರಲ್ಲಿ ಗೃಹಜ್ಯೋತಿ ಬಂದು ನಮ್ಮ ಬಿಲ್ಲೇ ಸೊನ್ನೆಯಾದ ಮೇಲೆ, ಸೊನ್ನೆಯಲ್ಲಿ 50 ಕಳೆಯುವ ಲೆಕ್ಕ ನನಗೂ ಗೊತ್ತಾಗಲಿಲ್ಲ, ಮೀಟರ್ ರೀಡರಿಗೂ ಗೊತ್ತಾಗಲಿಲ್ಲ. ಇರಲಿ. ನಮ್ಮ ಜಿಲ್ಲೆಯ ಪಾವಗಡದಲ್ಲಿ ಇದೇ ಸೂರ್ಯ 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕನ್ನು ನಡೆಸುತ್ತಾನೆ. ಅಂಥವನಿಗೆ ನಮ್ಮ ತಾರಸಿಯ ಎರಡು ಬಕೆಟ್ ನೀರು ಯಾವ ಲೆಕ್ಕ ಎಂದು ನಾವು ನಿಶ್ಚಿಂತೆಯಿಂದಿದ್ದೆವು.

ಸದ್ದು ಶುರುವಾದದ್ದು ಬೋರಿಗೆ ಕರೆಂಟಿಲ್ಲದೆ ಮೇಲಿನ ತಣ್ಣೀರಿನ ಟ್ಯಾಂಕು ಖಾಲಿಯಾಗಿ, ಮತ್ತೆ ತುಂಬಿದ ಮೇಲೆ. ಬಿಸಿನೀರಿನ ನಲ್ಲಿ ತಿರುಗಿಸಿದರೆ ಮೊದಲು ಫುಸ್ಸ್ ಎಂಬ ನಿಟ್ಟುಸಿರು. ಆಮೇಲೆ ಗೋಡೆಯೊಳಗೆ ಗುಡುಗುಡು ಗುಡುಗುಡು. ಪಚಕ್ಕನೆ ಒಂದು ಚೊಂಬು ನೀರು ಉಗಿದು, ಅಲ್ಲಿಗೆ ಮೌನ. ತಲೆಗೆ ಶ್ಯಾಂಪೂ ಹಾಕಿಕೊಂಡವನು ಕಣ್ಣು ಮುಚ್ಚಿಕೊಂಡೇ ಆ ಮೌನವನ್ನು ಅನುಭವಿಸಬೇಕು. ಸಾಲದ್ದಕ್ಕೆ ಮೋಡದ ದಿನಗಳಿಗೆಂದು ಇಟ್ಟಿದ್ದ ಗೀಸರೂ ಅದೇ ಸಮಯಕ್ಕೆ ಸುಯ್ಯ್, ಕಟಕಟ ಎಂದು ತಾಳ ಹಾಕತೊಡಗಿತು.

ಸಲಹೆಗಳು ಬಂದವು. ನಮ್ಮೂರಲ್ಲಿ ಸಲಹೆಗೆ ಕಾಫಿಯ ಹೊರತು ಬೇರೆ ಖರ್ಚಿಲ್ಲ. ಸೈಟು ವ್ಯವಹಾರ ಮಾಡುವ ಎದುರು ಮನೆಯವರು ತಾರಸಿ ನೋಡಿದ್ದೇ, "ಫಲಕ ದಕ್ಷಿಣಕ್ಕೆ ಮುಖ ಮಾಡಿದ್ದೀರಲ್ರೀ, ಅದು ಯಮನ ದಿಕ್ಕು" ಎಂದು ಹೌಹಾರಿದರು. ನಾವಿರುವುದು ಭೂಮಧ್ಯರೇಖೆಯಿಂದ 13 ಡಿಗ್ರಿ ಉತ್ತರಕ್ಕೆ, ವರ್ಷದ ಹೆಚ್ಚಿನ ಭಾಗ ಸೂರ್ಯ ದಕ್ಷಿಣಕ್ಕೇ ವಾಲಿರುತ್ತಾನೆ, ಅವನಿಗೆ ವಾಸ್ತು ಹೇಳುವವರು ಯಾರು ಎಂದೆ. "ನಿಮ್ಮಿಷ್ಟ" ಎಂದು ಎರಡನೇ ಲೋಟ ಕಾಫಿ ಕುಡಿದು ಹೋದರು. ವೈರಿಂಗ್ ಮಾಡುವವನು ಅರ್ಥಿಂಗ್ ಸರಿಯಿಲ್ಲ ಎಂದ. ಅಮ್ಮ, "ಹಂಡೆಯನ್ನು ಅಟ್ಟಕ್ಕೆ ಹಾಕಿದಿರಿ, ಅದರ ಶಾಪ ಕಣಪ್ಪ" ಎಂದರು. ಇಪ್ಪತ್ತು ವರ್ಷ ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿದ ನನಗೆ ಮಾತ್ರ, ಮೇಲಿನ ಟೇಬಲ್ಲಿಗೂ ಕೆಳಗಿನ ಟೇಬಲ್ಲಿಗೂ ನಡುವೆ ಕಡತ ಸಿಕ್ಕಿಹಾಕಿಕೊಂಡಂತೆ ನೀರು ಎಲ್ಲೋ ಸಿಕ್ಕಿಕೊಂಡಿದೆ ಅನ್ನಿಸಿತು. ಆಗ ಒಂದು ವಿಷಯ ಹೊಳೆಯಿತು: ಗೋಡೆಯೊಳಗಿನ ಸದ್ದು ಎಲ್ಲರಿಗೂ ಒಂದೇ, ಆದರೆ ಪ್ರತಿಯೊಬ್ಬರ ಕಿವಿಗೂ ಅವರವರ ಕಸುಬಿನ ಕಾಯಿಲೆಯೇ ಕೇಳಿಸುತ್ತದೆ.

ಪಕ್ಕದ ಮನೆಯ ನಿವೃತ್ತ ಭೌತಶಾಸ್ತ್ರದ ಮೇಷ್ಟ್ರಿಗೆ ಮೂವತ್ತೈದು ನಿಮಿಷದ ಪೀರಿಯಡ್ಡೇ ಕೇಳಿಸಿತು. ಗೀಸರಿನ ಮುಂದೆ ಸ್ಟೂಲು ಹಾಕಿಕೊಂಡು ಕೂತು, "1904ರಲ್ಲಿ ನೊಬೆಲ್ ಪಡೆದ ಲಾರ್ಡ್ ರ‍್ಯಾಲೀ ಇದರ ಮೇಲೆ ಲೇಖನ ಬರೆದಿದ್ದಾನೆ, ಗೊತ್ತೇನ್ರೀ?" ಎಂದರು. ಹರಟೆ ಇರಬಹುದೆಂದುಕೊಂಡೆ, ನಿಜವಂತೆ. ಕೆಟಲಿನಲ್ಲಿ ನೀರು ಕುದಿಯುವ ಮುಂಚೆ ಯಾಕೆ ಹಾಡುತ್ತದೆ ಎಂದು ಆಸ್ಬೋರ್ನ್ ರೆನಾಲ್ಡ್ಸ್ ಬರೆದದ್ದನ್ನು ಓದಿ, ಅದೇ ಗುಂಗಿನಲ್ಲಿ ರ‍್ಯಾಲೀ 1917ರಲ್ಲಿ ಗುಳ್ಳೆ ಕುಸಿಯುವ ಗಣಿತ ಮಾಡಿದ. ತಳದಲ್ಲಿ ಹುಟ್ಟಿದ ಹಬೆಯ ಗುಳ್ಳೆ ಮೇಲಿನ ತಣ್ಣೀರಿಗೆ ಸಿಕ್ಕಿ ಫಕ್ಕನೆ ಕುಸಿಯುತ್ತದೆ, ಆ ಕುಸಿತವೇ ಸದ್ದು. ನೀರು ಪೂರ್ತಿ ಕುದಿ ಬಂದರೆ ಗುಳ್ಳೆ ಕುಸಿಯದೆ ಮೇಲೆ ಬಂದು ಒಡೆಯುತ್ತದೆ, ಗದ್ದಲ ತಗ್ಗುತ್ತದೆ. ಕಾಫಿಗೆ ನೀರಿಟ್ಟ ಎಲ್ಲರಿಗೂ ಇದು ಗೊತ್ತು, ಬರೆದು ಕೀರ್ತಿ ಪಡೆದವನು ಮಾತ್ರ ರ‍್ಯಾಲೀ. ಹಡಗಿನ ಚಕ್ರದ ರೆಕ್ಕೆಗಳು ಯಾಕೆ ಸವೆಯುತ್ತವೆ ಎಂಬುದಕ್ಕೂ ಇದೇ ಗಣಿತವಂತೆ. ಸಮುದ್ರದ ಹಡಗಿನ ತನಕ ಹೋದ ಮೇಷ್ಟ್ರು ನಮ್ಮ ಬಚ್ಚಲಿಗೆ ವಾಪಸು ಬರುವಷ್ಟರಲ್ಲಿ ಊಟದ ಹೊತ್ತಾಯಿತು.

ರಾತ್ರಿ ಲಂಡನ್ನಿನಿಂದ ದೊಡ್ಡಪ್ಪನ ಮಗಳ ವಿಡಿಯೋ ಕಾಲ್ ಬಂತು. ಹೇಳಿಕೊಂಡರೆ, "ಅಯ್ಯೋ ಅಣ್ಣಾ, ಇಲ್ಲೂ ಅದೇ ಗೋಳು" ಎಂದಳು. ಅಲ್ಲಿ ಬಾಯ್ಲರ್ ನೀರು ಕಾಯಿಸಿ ಕೋಣೆ ಕೋಣೆಯ ರೇಡಿಯೇಟರಿಗೆ ತಳ್ಳುತ್ತದೆ. ರೇಡಿಯೇಟರಿನ ಕಾಲು ಬೆಚ್ಚಗೆ, ತಲೆ ತಣ್ಣಗಿದ್ದರೆ ಒಳಗೆ ಗಾಳಿ ಸೇರಿದೆ ಎಂದರ್ಥ. ಅದಕ್ಕೆ ಬೆರಳುದ್ದದ ಒಂದು ಕೀಲಿ. ಮೂಲೆಯ ತಿರುಪನ್ನು ಚೂರು ಸಡಿಲಿಸಿದರೆ ಗಾಳಿ ಸುಸ್ಸೆಂದು ಹೊರಬರುತ್ತದೆ, ನೀರು ಜಿನುಗಿದ ತಕ್ಷಣ ಬಿಗಿಯಬೇಕು. ಆಮೇಲೆ ಬಾಯ್ಲರಿನ ಮುಳ್ಳು ಒಂದರಿಂದ ಒಂದೂವರೆ ಬಾರ್ ಒಳಗಿದೆಯೇ ಎಂದು ನೋಡಬೇಕು. "ಪ್ಲಂಬರನ್ನ ಕರೆದರೆ ಬಾಗಿಲು ತಟ್ಟಿದ್ದಕ್ಕೇ ದುಡ್ಡು, ಅದಕ್ಕೆ ಕೀಲಿ ನನ್ನ ತಾಳಿ ಪಕ್ಕದಲ್ಲೇ ಇರುತ್ತೆ" ಎಂದು ಎತ್ತಿ ತೋರಿಸಿದಳು. ಅಮ್ಮ ಫೋನಿನ ಹತ್ತಿರ ಮುಖ ತಂದು, ಚಿನ್ನದ್ದೇ ಎಂದು ವಿಚಾರಿಸಿದರು.

ಮರುದಿನ ಗುಬ್ಬಿ ಕಡೆಯ ಪ್ಲಂಬರ್ ಹುಡುಗ ಬಂದ. ಅವನು ಬಂದವನೇ ಸಲಹೆ ಹೇಳಲಿಲ್ಲ, ಪ್ರಶ್ನೆ ಕೇಳಿದ. ಅಲ್ಲಿಗೇ ನನಗೆ ಅವನ ಮೇಲೆ ಗೌರವ ಹುಟ್ಟಿತು. "ಸದ್ದು ನಲ್ಲಿ ಬಿಟ್ಟಾಗ ಬರ್ತೈತಾ, ನಿಲ್ಸಿದಾಗ ಬರ್ತೈತಾ ಸಾ? ಬಿಟ್ಟಾಗ ಗುಡುಗುಡು ಅಂದ್ರೆ ಏರ್ ಹಿಡ್ಕಂಡೈತೆ. ತಟ್ಟಂತ ನಿಲ್ಸಿದಾಗ ಢಬ್ ಅಂದ್ರೆ ಪೈಪಿಗೆ ಕ್ಲಾಂಪ್ ಸಡ್ಲ ಆಗೈತೆ. ನಲ್ಲಿ ಮುಟ್ದೇ ಇದ್ರೂ ಸ್ವಿಚ್ ಹಾಕಿದ್ಮೇಲೆ ಗೀಸರ್ ಸುಯ್ಯ್ ಅಂದ್ರೆ ಸುಣ್ಣ ಕಟ್ಟೈತೆ." ಇಡೀ ಊರು ಒಂದು ವಾರ ಕಾಫಿ ಕುಡಿದು ಹೇಳದ್ದನ್ನು ಇವನು ಚಪ್ಪಲಿ ಬಿಡುವಷ್ಟರಲ್ಲಿ ಹೇಳಿ ಮುಗಿಸಿದ.

ತಾರಸಿ ಹತ್ತಿ ಪೈಪಿನ ಮೇಲೆ ಬೆರಳಾಡಿಸುತ್ತಾ ನಡೆದ. ಟ್ಯಾಂಕಿನಿಂದ ಹೊರಟ ಬಿಸಿನೀರಿನ ಪೈಪು ಪ್ಯಾರಾಪೆಟ್ ಗೋಡೆಯ ತನಕ ಸೌಮ್ಯವಾಗಿ ಬಂದು, ಅಲ್ಲಿ ಗೋಡೆ ಹತ್ತಿ, ಆಚೆ ಕಡೆಗೆ ಇಳಿದಿತ್ತು. ಹಿಂದೆ ಕೆಲಸ ಮಾಡಿದವರಿಗೆ ಗೋಡೆ ಕೊರೆಯುವುದಕ್ಕಿಂತ ಹಾರಿಸುವುದು ಸುಲಭವಾಗಿ ಕಂಡಿರಬೇಕು. "ಇದೇ ಸಾ ಏರಿನ ಮನೆ" ಎಂದು ಆ ಡುಬ್ಬದ ಮೇಲೆ ತಟ್ಟಿದ. ನೀರು ಕಾದಷ್ಟೂ ಅದರಲ್ಲಿ ಕರಗಿದ ಗಾಳಿ ಬಿಟ್ಟುಕೊಳ್ಳುತ್ತದೆ: ಲೀಟರಿಗೆ 0 ಡಿಗ್ರಿಯಲ್ಲಿ 14.6 ಮಿಲಿಗ್ರಾಂ ಆಮ್ಲಜನಕ ಹಿಡಿಯುವ ನೀರು 30 ಡಿಗ್ರಿಗೆ ಬರುವಷ್ಟರಲ್ಲಿ ಅದರ ಅರ್ಧವನ್ನು ಮಾತ್ರ ಹಿಡಿದೀತು. ಬಿಟ್ಟ ಗಾಳಿ ಎತ್ತರದ ಜಾಗ ಹುಡುಕಿ ಕೂರುತ್ತದೆ. ಟ್ಯಾಂಕು ಖಾಲಿಯಾದಾಗ ಪೈಪು ತುಂಬಾ ಗಾಳಿಯೇ. ಆಮೇಲೆ ಮೇಲಿಂದ ಬರುವ ನೀರಿಗೆ ಅದನ್ನು ದೂಡುವಷ್ಟು ಕಸುವಿರುವುದಿಲ್ಲ.

ಇಳಿದು ಬಂದು ಬಚ್ಚಲಲ್ಲಿ ಅವನು ಮಾಡಿದ್ದನ್ನು ಕಣ್ಣಾರೆ ನೋಡಬೇಕಿತ್ತು. ಮಿಕ್ಸರಿನ ಬಾಯಿಗೆ ಬಲಗೈಯ ಅಂಗೈಯನ್ನು ಒತ್ತಿ ಹಿಡಿದ. ಎಡಗೈಯಲ್ಲಿ ಬಿಸಿ, ತಣ್ಣನೆಯ ಎರಡೂ ನಲ್ಲಿಗಳನ್ನು ಪೂರ್ತಿ ತಿರುಗಿಸಿದ. ಹೊರಬರಲು ದಾರಿಯಿಲ್ಲದ ತಣ್ಣೀರು ಬಿಸಿನೀರಿನ ಪೈಪಿನೊಳಕ್ಕೆ ಹಿಮ್ಮುಖವಾಗಿ ನುಗ್ಗಿತು. ಬೆರಳಸಂದಿಯಿಂದ ಸಣ್ಣ ಪಿಚಕಾರಿಗಳು ಹಾರಿ ಅವನ ಮೀಸೆ, ನನ್ನ ಕನ್ನಡಕ ಎರಡೂ ತೊಯ್ದವು. ಗೋಡೆಯೊಳಗೆ ಗುಡುಗುಡು ಮೇಲಕ್ಕೇರುತ್ತಾ ಹೋಯಿತು, ನೆತ್ತಿಯ ಮೇಲೆ ಹೋಯಿತು, ತಾರಸಿ ದಾಟಿತು. ಮೇಲೆ ಕಾವಲು ನಿಂತಿದ್ದ ಮಗ ಕೂಗಿದ: "ಅಪ್ಪಾ, ಅಜ್ಜಿ ಬಳ್ಳಿ ಸುತ್ತಿದ ಪೈಪಿಂದ ನೀರು ಉಗೀತಾ ಇದೆ!" ಗಾಳಿ ಹೊರಹೋಗಲೆಂದೇ ಇಡುವ ಕೊಳವೆ ಅದು. ತಣ್ಣೀರಿನ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಎತ್ತರಕ್ಕೆ ನಿಂತು, ಬಾಯಿ ತೆರೆದೇ ಇರಬೇಕಾದ ಕೊಳವೆ. ಹುಡುಗ ಅಂಗೈ ತೆಗೆದ. ಬಿಸಿನೀರು ದಪ್ಪ ಧಾರೆಯಾಗಿ ಬಿತ್ತು. ಸಂಜೆಯೊಳಗೆ ಪ್ಯಾರಾಪೆಟ್ ಕೊರೆದು, ಡುಬ್ಬ ತೆಗೆದು, ಸಿಪಿವಿಸಿ ಪೈಪನ್ನು ನೇರ ಇಳಿಜಾರಿನಲ್ಲಿ ಕೂರಿಸಿದ.

ಗೀಸರಿನ ತಾಳ ಬಿಡಿಸುವುದು ಅದಕ್ಕಿಂತ ಸುಲಭವಾಯಿತು. ಸ್ವಿಚ್ ಆರಿಸಿ, ನೀರು ಖಾಲಿ ಮಾಡಿ, ಕಾಯಿಲ್ ಹೊರಗೆಳೆದರೆ ಲೋಹವೇ ಕಾಣದು, ಮೈತುಂಬ ಬೂದು ಬಣ್ಣದ ಕಲ್ಲು. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ಗತಿಯಿಲ್ಲದಿದ್ದರೆ 600ರ ತನಕ ಸೈ ಎನ್ನುತ್ತದೆ ಭಾರತೀಯ ಮಾನಕ ಬ್ಯೂರೋ. ಬೋರಿನ ನೀರು ಕಲ್ಲು ಸಂದಿಯಿಂದ ಬರುವುದು, ಬರುವಾಗ ಕಲ್ಲನ್ನೇ ಒಂದಿಷ್ಟು ಕರಗಿಸಿಕೊಂಡು ಬರುತ್ತದೆ. ಕಾಯಿಸಿದೊಡನೆ ಸುಣ್ಣ ಕಾಯಿಲಿಗೆ ಅಂಟಿಕೊಳ್ಳುತ್ತದೆ. ಆ ಪದರದ ಬಿರುಕಲ್ಲಿ ಸಿಕ್ಕ ನೀರು, ಸುತ್ತಲಿನದು ಇನ್ನೂ ಬೆಚ್ಚಗಾಗುವ ಮುಂಚೆಯೇ ಕುದಿದು ಗುಳ್ಳೆಯಾಗಿ, ತಣ್ಣೀರಿಗೆ ಬಂದು ಕುಸಿಯುತ್ತದೆ. ಮೇಷ್ಟ್ರು ಹೇಳಿದ್ದು ಸರಿಯೇ, ಹಡಗೊಂದನ್ನು ಬಿಟ್ಟು. ನಿಂಬೆಹುಳಿ ಉಪ್ಪು ಕರಗಿಸಿದ ನೀರಲ್ಲಿ ಕಾಯಿಲನ್ನು ನೆನೆಹಾಕಿದರೆ ಬುಸುಬುಸು ನೊರೆಯೆದ್ದು ಕಲ್ಲು ಬಿಟ್ಟುಕೊಂಡಿತು. ಹುಣಸೆಹಣ್ಣಿನಲ್ಲಿ ಹಂಡೆ ಬೆಳಗಿದ ಕೈಗಳನ್ನು ಸೊಂಟದ ಮೇಲಿಟ್ಟುಕೊಂಡು ಅಮ್ಮ ಅದನ್ನು ನೋಡಿದರು.

ರಿಪೇರಿಯ ಸುದ್ದಿ ಹರಡಿತು, ಜೊತೆಗೆ ಕೀರ್ತಿ ಹಂಚಿಕೆಯೂ ನಡೆಯಿತು. ಬಳ್ಳಿ ಸುತ್ತಿ ಕೈ ಮುಗಿದ ಕೊಳವೆಯಿಂದಲೇ ಪೀಡೆ ಹೊರಬಿತ್ತೆಂದು ಅಮ್ಮ ಕಂಡವರಿಗೆಲ್ಲ ಹೇಳಿದರು. ಪೈಪು ಗೋಡೆ ಹತ್ತುವುದನ್ನು ತಪ್ಪಿಸಿದ್ದೇ ವಾಸ್ತು ಎಂದರು ಎದುರು ಮನೆಯವರು. ಮೇಷ್ಟ್ರು ರ‍್ಯಾಲೀಯ ಪರವಾಗಿ ಅಭಿನಂದನೆ ಸ್ವೀಕರಿಸಿದರು. ಪ್ಲಂಬರ್ ಹುಡುಗ ಮಾತ್ರ ಕೂಲಿ ಎಣಿಸಿಕೊಂಡು, ಕಾಫಿಯೂ ಬೇಡವೆಂದು, ದುರ್ಗದಹಳ್ಳಿಯಲ್ಲಿ ಇನ್ನೊಂದು ಗುಡುಗುಡು ಕಾಯುತ್ತಿದೆ ಎಂದು ಬೈಕ್ ಹತ್ತಿದ.

ಇಷ್ಟೆಲ್ಲ ವಿದ್ಯೆ ಸುಮ್ಮನೆ ವ್ಯರ್ಥವಾಗಬಾರದಲ್ಲ. ಮೊನ್ನೆ ಬೆಳಗ್ಗೆ ಮೇಷ್ಟ್ರ ಬಚ್ಚಲಿಂದ ಸ್ಪಷ್ಟವಾಗಿ ಗುಡುಗುಡು ಕೇಳಿಸಿತು. ಯಾರೂ ಕರೆಯದಿದ್ದರೂ ಹೋಗಿ ಬಾಗಿಲು ತಟ್ಟಿ, "ಮೇಷ್ಟ್ರೇ, ನಲ್ಲಿ ಬಿಟ್ಟಾಗ ಬರುತ್ತೋ, ನಿಲ್ಲಿಸಿದಾಗ ಬರುತ್ತೋ?" ಎಂದೆ. ಅವರು ಮಫ್ಲರ್ ಸುತ್ತಿಕೊಂಡು, ಕೈಯಲ್ಲಿ ಲೋಟ ಹಿಡಿದು ಹೊರಬಂದರು. "ಶೀತ ಕಣ್ರೀ. ಉಪ್ಪುನೀರಲ್ಲಿ ಗಂಟಲು ಮುಕ್ಕಳಿಸ್ತಾ ಇದ್ದೆ."

"ಅದಿರಲಿ, ಬಂದದ್ದಾಯ್ತು, ತಾರಸಿ ಮೇಲೆ ಪೈಪು ಹೇಗಿದೆ ನೋಡಿಬಿಡ್ತೀನಿ" ಎಂದು ನಾನು ಮೆಟ್ಟಿಲು ಹತ್ತಿದೆ.