ಏಕದಿನ ಅನಾಥಾಲಯ ಯಾತ್ರಾ ಮೀಮಾಂಸೆ

ಶಾಸ್ತ್ರ ಯಾವುದೇ ಇರಲಿ, ಅದಕ್ಕೆ ಅಧಿಕಾರಿ ಯಾರು, ವಿಷಯ ಯಾವುದು, ಸಂಬಂಧ ಎಂಥದು, ಪ್ರಯೋಜನ ಏನು ಎಂಬ ನಾಲ್ಕು ಮಾತನ್ನು ಮೊದಲೇ ಹೇಳಿಬಿಡಬೇಕೆಂಬುದು ಹಿಂದಿನವರ ಕಟ್ಟಳೆ. ಏಕದಿನ ಅನಾಥಾಲಯ ಯಾತ್ರೆಗೆ ಅಧಿಕಾರಿ ಎಂದರೆ ಪಾಸ್‌ಪೋರ್ಟು, ಬಿಡುವಾದ ಶನಿವಾರ ಮತ್ತು ರಾತ್ರಿ ಊಟಕ್ಕೆ ಸ್ವಂತ ಮನೆ ಸೇರುವ ಹಂಬಲ, ಈ ಮೂರೂ ಉಳ್ಳವನು. ವಿಷಯ, ಗಡಿಯಾಚೆಯ ಮಕ್ಕಳು. ಸಂಬಂಧ ಸುಮಾರು ನಾಲ್ಕು ಗಂಟೆಯದು. ಪ್ರಯೋಜನ ಯಾರಿಗೆ ಎಂಬುದೊಂದು ವಿವಾದದಲ್ಲಿದೆ. ವಿವಾದವಿರುವುದನ್ನು ಕೊನೆಗೆ ತಳ್ಳುವುದು ಪಂಡಿತರ ವಾಡಿಕೆಯಾದ್ದರಿಂದ ಇಲ್ಲಿಯೂ ಹಾಗೇ ಮಾಡಲಾಗಿದೆ.

ಯಾತ್ರೆಗೊಂದು ಕ್ಷೇತ್ರ ಬೇಕು. ಈ ಶಾಸ್ತ್ರದ ಕಾಶಿ ಮೆಕ್ಸಿಕೋದ ಗಡಿಯೂರು ಟಿಹುವಾನ. ಕೆನಡಾ ಗಡಿಯಿಂದ ಹೊರಟ ಇಂಟರ್‌ಸ್ಟೇಟ್ 5 ಹೆದ್ದಾರಿ ಕ್ಯಾಲಿಫೋರ್ನಿಯಾದ ತುದಿಯ ಸ್ಯಾನ್ ಇಸೀದ್ರೊದಲ್ಲಿ ಮುಗಿಯುತ್ತದೆ, ಅಲ್ಲಿಂದಾಚೆ ಮೆಕ್ಸಿಕೋ. ಕಾರಿಲ್ಲದವರನ್ನು ಸ್ಯಾನ್ ಡಿಯಾಗೋ ಪೇಟೆಯಿಂದ ಟ್ರಾಲಿಯ ನೀಲಿ ಮಾರ್ಗ ಗಡಿಬಾಗಿಲಿಗೇ ತಂದಿಳಿಸುತ್ತದೆ. 1848ರ ಗ್ವಾಡಲೂಪೆ ಹಿಡಾಲ್ಗೊ ಒಪ್ಪಂದದಲ್ಲಿ ಗೆರೆ ಬಿತ್ತು, 1889ರಲ್ಲಿ ಊರು ಹುಟ್ಟಿತು. ಅದಕ್ಕೂ ಮುಂಚೆ ಅಲ್ಲಿದ್ದದ್ದು ದನ ಮೇಯುವ ಬಯಲು. ಮೊದಲು ಬೇಲಿ, ಆಮೇಲೆ ಹೊಲ ಎಂಬ ಅಪರೂಪದ ಕ್ರಮ. ದಕ್ಷಿಣ ಕ್ಯಾಲಿಫೋರ್ನಿಯಾದ ಚರ್ಚುಗಳು, ಕಾಲೇಜು ಹುಡುಗರು, ಕಂಪನಿಗಳ ಸೇವಾತಂಡಗಳು ದಶಕಗಳಿಂದ ವ್ಯಾನು ತುಂಬಿಕೊಂಡು ಇಲ್ಲಿನ ಅನಾಥಾಲಯಗಳಿಗೆ ಹೋಗಿ ಬರುತ್ತಿವೆ. ಆ ಸೀಮೆಯ ಕಂಪ್ಯೂಟರ್ ಕನ್ನಡಿಗನಿಗೂ ಅಡ್ಡಿಯಿಲ್ಲ. ಅಮೆರಿಕದ ಸಿಂಧುವಾದ ವೀಸಾ ಕೈಲಿದ್ದರೆ ಮೆಕ್ಸಿಕೋ ಬೇರೆ ವೀಸಾ ಕೇಳುವುದಿಲ್ಲ.

ಈ ಯಾತ್ರೆಗೆ ಎರಡು ಅಯನಗಳು. ದಕ್ಷಿಣಾಯನ ಚುಟುಕಿನದು. ಪಾಸ್‌ಪೋರ್ಟು ತೋರಿಸಿ, ಚೀಲವನ್ನು ಯಂತ್ರದ ಹೊಟ್ಟೆಯೊಳಗೆ ಹಾಯಿಸಿ, ಕೆಲವೇ ನಿಮಿಷಗಳಲ್ಲಿ ಪರದೇಶಿಯಾಗಬಹುದು. ಕಾರಿನಲ್ಲಿ ಹೋದರೆ ಒಂದು ದೀಪ. ಹಸಿರು ಬಿದ್ದರೆ ಮುಂದೆ, ಕೆಂಪು ಬಿದ್ದರೆ ಡಿಕ್ಕಿ ತೆಗೆ. ಮೆಕ್ಸಿಕೋದ ಸುಂಕದವರು ತಪಾಸಣೆಯನ್ನು ದೈವಕ್ಕೆ ಬಿಟ್ಟ ಈ ಪದ್ಧತಿಯಲ್ಲಿ ಶಾಸ್ತ್ರಕಾರರಿಗೆ ವಿಶೇಷ ಗೌರವವಿದೆ.

ಉತ್ತರಾಯಣದ ಮಾತೇ ಬೇರೆ. ಪುಣ್ಯಕಾಲ ಬರಲೆಂದು ಭೀಷ್ಮನೂ ಶರಶಯ್ಯೆಯ ಮೇಲೆ ಕಾದವನೇ. ಆದರೆ ಅವನ ಅಕ್ಕಪಕ್ಕದಲ್ಲಿ ಚುರೋಸ್ ತಿಂಡಿ, ಕಂಬಳಿ, ಗಾರೆಯ ಹಂದಿಹುಂಡಿ ಮಾರುವವರು ಸುಳಿದಾಡುತ್ತಿರಲಿಲ್ಲ. ವಾಹನಗಳಲ್ಲಿ ಸುಮಾರು 70,000 ಮಂದಿ, ಕಾಲ್ನಡಿಗೆಯಲ್ಲಿ 20,000 ಮಂದಿ ದಿನವೊಂದಕ್ಕೆ ಇಲ್ಲಿ ಉತ್ತರಕ್ಕೆ ದಾಟುತ್ತಾರೆಂದು ಅಮೆರಿಕದ ಸರ್ಕಾರಿ ಲೆಕ್ಕ. ಇದಕ್ಕಾಗಿ 74.1 ಕೋಟಿ ಡಾಲರ್ ಸುರಿದು 2019ರ ಹೊತ್ತಿಗೆ ಠಾಣೆಯನ್ನು ಹಿಗ್ಗಿಸಿದರು. 34 ಸಾಲು, 62 ಬೂತು. ಆದರೂ ವಾರಾಂತ್ಯದಲ್ಲಿ ಎರಡು ಮೂರು ಗಂಟೆ ಕಾಯುವುದು ತಪ್ಪಿಲ್ಲ. ನಾನು ಅಮೆರಿಕದವನೆಂದು ಬಾಯಲ್ಲಿ ಹೇಳಿದರೆ ಸಾಕಾಗುತ್ತಿದ್ದ ಕಾಲವೊಂದಿತ್ತು. 2009ರ ಜೂನ್ 1ರಿಂದ ಭೂಗಡಿಯಲ್ಲೂ ಪಾಸ್‌ಪೋರ್ಟು ಅಥವಾ ಅದಕ್ಕೆ ಸಮನಾದ ಕಾಗದ ಬೇಕು.

ಇಷ್ಟು ಕಾಗದ ನೋಡುವ ಗಡಿಯನ್ನು ದಾಟಿ ಯಾತ್ರಿಕ ಇನ್ನೊಂದು ಬಾಗಿಲ, ಅಂದರೆ ಅನಾಥಾಲಯದ ಬಾಗಿಲ ಮುಂದೆ ನಿಲ್ಲುತ್ತಾನೆ. ಅಲ್ಲಿ ಹಲವು ಕಡೆ ಅವನ ಕೈಲಿರುವ ಫುಟ್‌ಬಾಲೇ ಪಾಸ್‌ಪೋರ್ಟು.

ಈಗ ಲಕ್ಷಣ ವಿಚಾರ. ನಾಥನಿಲ್ಲದವನು ಅನಾಥ. ಹೀಗೆಂದ ಕೂಡಲೇ ತಾರ್ಕಿಕರು ಎದ್ದು ನಿಲ್ಲುತ್ತಾರೆ, ಈ ಲಕ್ಷಣ ಆ ಮನೆಯೊಳಗಿನ ಮಕ್ಕಳಿಗೇ ಹೊಂದುವುದಿಲ್ಲವಲ್ಲ ಎಂದು. ಲೋಕದಲ್ಲಿ ಇಂಥ ಸಂಸ್ಥೆಗಳಲ್ಲಿರುವ ಐವರು ಮಕ್ಕಳಲ್ಲಿ ನಾಲ್ವರಿಗಾದರೂ ತಂದೆ ತಾಯಿಯರಲ್ಲಿ ಒಬ್ಬರೋ ಇಬ್ಬರೋ ಬದುಕಿದ್ದಾರೆಂದು ಸೇವ್ ದ ಚಿಲ್ಡ್ರನ್ ಸಂಸ್ಥೆ 2009ರಲ್ಲೇ ಬರೆದಿದೆ. ಟಿಹುವಾನದವರು ಪದದ ವಿಷಯದಲ್ಲಿ ಜಾಣರು. ಅವರ ಬಾಯಲ್ಲಿ ಅದು ‘ಕಾಸಾ ಓಗಾರ್’. ಕಾಸಾ ಎಂದರೆ ಮನೆ. ಓಗಾರ್ ಎಂದರೂ ಮನೆಯೇ, ಆದರೆ ಅದರ ಬೇರು ಒಲೆಗೆ ಸಲ್ಲುವ ಲ್ಯಾಟಿನ್ ಮಾತಿನಲ್ಲಿದೆ. ಹೀಗೆ ಎರಡು ಸಲ ಮನೆ ಎಂದು ಕೂಗಿ ಹೇಳಬೇಕಾದ ಕಟ್ಟಡ ಮನೆಯೇ ಹೌದೋ ಎಂಬ ಸಂಶಯಕ್ಕೆ ಹೆಸರೇ ಎಡೆಗೊಡುತ್ತದೆ. ಅಲ್ಲಿರುವ ಮಗುವಿನ ತಾಯಿ ಕಾರ್ಖಾನೆಯ ಪಾಳಿಯಲ್ಲಿರಬಹುದು, ತಂದೆ ಜೈಲಿನಲ್ಲಿರಬಹುದು, ಅಮಲಿಗೆ ಬಿದ್ದಿರಬಹುದು ಅಥವಾ ಅದೇ ಗಡಿಯ ಆಚೆ ಈಚೆ ಸಿಕ್ಕಿಕೊಂಡಿರಬಹುದು. ಅನಾಥನನ್ನು ನೋಡಲು ಬಂದ ಯಾತ್ರಿಕನಿಗೆ ಇದನ್ನು ಯಾರೂ ಹೇಳುವುದಿಲ್ಲ. ಹೇಳಿದರೆ ಯಾತ್ರೆಯ ಫಲ ಅರ್ಧಕ್ಕಿಳಿಯುತ್ತದೆ.

ಮುಂದಿನದು ಆಲಿಂಗನ ಪ್ರಕರಣ. ಗ್ರಂಥದ ತಿರುಳೆಲ್ಲ ಇಲ್ಲಿದೆ.

ಪೂರ್ವಪಕ್ಷ: “ವ್ಯಾನಿನಿಂದ ಇಳಿಯುತ್ತಲೇ ಒಂದು ಮಗು ಓಡಿ ಬಂದು ಕಾಲು ತಬ್ಬಿತು. ಹತ್ತೇ ನಿಮಿಷದಲ್ಲಿ ಎಷ್ಟು ಹಚ್ಚಿಕೊಂಡಿತು! ಇದು ಪ್ರೀತಿಯಲ್ಲದೆ ಮತ್ತೇನು?”

ಸಿದ್ಧಾಂತಿ ಕೇಳುತ್ತಾನೆ: ನಿನ್ನ ಅಣ್ಣನ ಮನೆಗೆ ಗುರುತಿಲ್ಲದವರು ಬಂದರೆ ಅಲ್ಲಿನ ಮೂರು ವರ್ಷದ ಮಗು ಏನು ಮಾಡುತ್ತದೆ? ಅಮ್ಮನ ಸೆರಗಿನ ಹಿಂದೆ ಅವಿತು ಒಂದೇ ಕಣ್ಣಲ್ಲಿ ನೋಡುತ್ತದೆ. ಅವಿತುಕೊಳ್ಳಲು ಸೆರಗಿರುವ ಮಗು ಅದು. ಲಂಡನ್ನಿನ ಶಿಶುಗೃಹಗಳ ಮಕ್ಕಳನ್ನು 1970ರ ದಶಕದಲ್ಲಿ ಬೆನ್ನುಹತ್ತಿ ನೋಡಿದ ಬಾರ್ಬರಾ ಟಿಜಾರ್ಡ್, ಕಂಡವರೆಲ್ಲರನ್ನೂ ಅತಿಯಾಗಿ ಹತ್ತಿರ ಸೇರಿಸುವ ಈ ಸಲಿಗೆಯನ್ನು ದಾಖಲಿಸಿದಳು. ಪಾಲಿಸುವ ಕೈಗಳು ಪಾಳಿಗೊಮ್ಮೆ ಬದಲಾಗುವ ಕಡೆ ಬೆಳೆದದ್ದರ ಗುರುತು ಅದು. 2000ದ ಸುಮಾರಿಗೆ ಬುಕಾರೆಸ್ಟ್‌ನಲ್ಲಿ ನೆಲ್ಸನ್, ಫಾಕ್ಸ್, ಝೀನಾ ಎಂಬ ಮೂವರು ಸಂಶೋಧಕರು ಇಂಥ ಸಂಸ್ಥೆಗಳಲ್ಲಿದ್ದ 136 ಮಕ್ಕಳನ್ನು ಆರಿಸಿಕೊಂಡು, ಚೀಟಿ ಎತ್ತಿದಂತೆ ಅರ್ಧ ಮಕ್ಕಳನ್ನು ಸಾಕುಮನೆಗಳಿಗೆ ಕಳುಹಿಸಿ ವರ್ಷಗಟ್ಟಲೆ ಹೋಲಿಸಿದರು. ಸಾಕುಮನೆಗೆ ಹೋದವು ಬುದ್ಧಿಯಲ್ಲೂ ಬಾಂಧವ್ಯದಲ್ಲೂ ಚೇತರಿಸಿಕೊಂಡವು. ಎರಡು ವರ್ಷ ತುಂಬುವ ಮೊದಲೇ ಹೋದವು ಇನ್ನೂ ಚೆನ್ನಾಗಿ. ಅಂದರೆ ಯಾತ್ರಿಕ ಪ್ರಸಾದವೆಂದು ಕಣ್ಣಿಗೊತ್ತಿಕೊಂಡ ಆ ಅಪ್ಪುಗೆಯನ್ನು ವೈದ್ಯರು ಲಕ್ಷಣವೆಂದು ಬರೆದುಕೊಳ್ಳುತ್ತಾರೆ. ನಾಲ್ಕು ಗಂಟೆ ಕಳೆದು ವ್ಯಾನು ಹೊರಟಾಗ ಆ ಮಗು ಇನ್ನೊಮ್ಮೆ ಕೈ ಬೀಸುತ್ತದೆ. ಮುಂದಿನ ಶನಿವಾರ ಬೇರೆ ವ್ಯಾನು, ಬೇರೆ ಕಾಲು.

ಯಾತ್ರಿಕರಲ್ಲಿ ಭೇದವಿಲ್ಲವೆ ಎಂದರೆ, ಕರ್ಮಗಳಂತೆ ಅವರಲ್ಲೂ ಮೂರು ಬಗೆ. ಮಗುವನ್ನು ಎತ್ತಿಕೊಂಡ ಚಿತ್ರ ಬೇಕಾದವನು ಕಾಮ್ಯ. ಕ್ರಿಸ್‌ಮಸ್ಸಿಗೆ ಬರುವವನು ನೈಮಿತ್ತಿಕ. ಬೆಂಗಳೂರಿನಲ್ಲಿ ಮಗನ ಹುಟ್ಟುಹಬ್ಬದ ದಿನ ಅನಾಥಾಶ್ರಮದಲ್ಲಿ ಹೋಳಿಗೆ ಊಟ ಹಾಕಿಸಿ, ಕೇಕು ಕತ್ತರಿಸುವಾಗ ಅಲ್ಲಿನ ಮಕ್ಕಳಿಂದ ಚಪ್ಪಾಳೆ ತಟ್ಟಿಸುವವರೂ ಈ ಗುಂಪಿಗೇ ಸೇರಿದವರು. ಮೂರನೆಯವನು ನಿತ್ಯ. ತಿಂಗಳಿಗೊಮ್ಮೆ ತಪ್ಪದೆ ಬಂದು, ಸ್ಪ್ಯಾನಿಷ್ ಕಲಿತು, ಲೆಕ್ಕದ ಪುಸ್ತಕ ನೋಡಿ, ಸೋರುವ ನಲ್ಲಿ ತಿರುಗಿಸಿ, ಶಾಲೆಯ ಶುಲ್ಕ ಕಟ್ಟಿ ಹೋಗುತ್ತಾನೆ. ಚಿತ್ರದಲ್ಲಿ ಇವನು ಸಿಗುವುದಿಲ್ಲ, ಆದ್ದರಿಂದ ಪ್ರಬಂಧಕಾರರಿಗೂ ಸಿಗುವುದು ಕಷ್ಟ. ಮೂವರನ್ನೂ ಒಂದೇ ಕೋಲಿನಿಂದ ಹೊಡೆಯುವುದು ನ್ಯಾಯವಲ್ಲ.

ರಾಜಶಾಸನವೂ ಈ ವಿಷಯದಲ್ಲಿ ಬಾಯಿಬಿಟ್ಟಿದೆ. ಆಸ್ಟ್ರೇಲಿಯಾ ಸಂಸತ್ತಿನ ಸಮಿತಿಯೊಂದು 2017ರಲ್ಲಿ ಆಧುನಿಕ ಗುಲಾಮಗಿರಿಯ ಬಗ್ಗೆ ಬರೆದ ವರದಿಯಲ್ಲಿ ಅನಾಥಾಲಯಗಳಿಗಾಗಿ ನಡೆಯುವ ಮಕ್ಕಳ ಸಾಗಣೆಗೇ ಒಂದು ಅಧ್ಯಾಯವಿಟ್ಟಿತು. ಯಾತ್ರಿಕರು ಹೆಚ್ಚಿದಷ್ಟೂ ತೋರಿಸಲು ಮಕ್ಕಳು ಬೇಕಾಗುತ್ತಾರೆ, ಆಗ ತಾಯಿಯುಳ್ಳ ಮಗು ಕಾಗದದ ಮೇಲೆ ಅನಾಥವಾಗುತ್ತದೆ. 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯೂ ಅನಾಥಾಲಯದ ಸ್ವಯಂಸೇವೆಯಿಂದಾಗುವ ಕೇಡನ್ನು ತಡೆಯಿರೆಂದು ದೇಶಗಳಿಗೆ ಹೇಳಿತು. ಶನಿವಾರದ ವ್ಯಾನುಗಳಲ್ಲಿ ಆ ನಿರ್ಣಯವನ್ನು ಓದುವ ವಾಡಿಕೆಯಿಲ್ಲ.

ಉಳಿದದ್ದು ಪ್ರಯೋಜನ. ಅದರ ಚರ್ಚೆಗೆ ಉತ್ತರಾಯಣದ ಸಾಲಿನಷ್ಟು ಪ್ರಶಸ್ತವಾದ ಜಾಗ ಇನ್ನೊಂದಿಲ್ಲ, ಹೊತ್ತು ಬೇಕಾದಷ್ಟಿರುತ್ತದೆ. ನಮ್ಮ ಬದುಕೇ ಬದಲಾಯಿತು ಎಂದು ಹಿಂದಿನ ಸೀಟಿನವರು ಹೇಳುತ್ತಾರೆ. ಯಾರ ಬದುಕು ಬದಲಾಗಬೇಕಿತ್ತು ಎಂದು ಚಾಲಕ ಕೇಳುವುದಿಲ್ಲ, ಅವನ ಕಣ್ಣು ಪಕ್ಕದ ಸಾಲಿನ ಮೇಲಿದೆ. ಕೊನೆಗೆ ಬೂತು ಬರುತ್ತದೆ. ಏನು ತರುತ್ತಿದ್ದೀರಿ ಎಂದು ಅಧಿಕಾರಿ ಕೇಳುತ್ತಾನೆ. ಹೊರಡುವಾಗ ಮಗುವೊಂದು ಕೈಗಿಟ್ಟ ಸೀಬೆಹಣ್ಣನ್ನು ಯಾತ್ರಿಕ ತೋರಿಸುತ್ತಾನೆ. ಅದು ಒಳಗೆ ಹೋಗುವಂತಿಲ್ಲ. ಹಣ್ಣಿನೊಳಗೆ ನೊಣದ ಮೊಟ್ಟೆ ಇದ್ದೀತೆಂಬ ಶಂಕೆಗೆ ಅಲ್ಲಿ ಬೇರೆಯೇ ತಜ್ಞರಿದ್ದಾರೆ. ಸೀಬೆ ಡಬ್ಬಿಗೆ ಬೀಳುತ್ತದೆ. ಫೋನಿನೊಳಗಿನ ಇನ್ನೂರು ಮುಖಗಳ ಬಗ್ಗೆ ಅಧಿಕಾರಿ ಏನನ್ನೂ ಕೇಳದೆ ಮುಂದೆ ಹೋಗೆಂದು ಕೈಮಾಡುತ್ತಾನೆ.