ಐದು ದೇಶ ನುಂಗಿದ ಎಕ್ಸೆಲ್

"ದತ್ತಾಂಶ, ಕೋಡ್ ಯಾವಾಗ ಕೊಡ್ತೀರಿ ಸಾರ್?" "ಪ್ರಬಂಧ ಅಚ್ಚಾಗಲಿ." ಅಚ್ಚಾದ ಮೇಲೆ? "ಇನ್ನೊಂದು ಪ್ರಬಂಧ ಬಾಕಿ ಇದೆಯಲ್ಲ!" ಬಾಗಿಲಿಗೆ 'ನಾಳೆ ಬಾ' ಎಂದು ಬರೆದು ದೆವ್ವವನ್ನು ಸಾಗಹಾಕಿದವರಿಗೆ ಈ ವಿದ್ಯೆ ಹೊಸದಲ್ಲ. ಆದರೆ ಕಡತ ತೆರೆದರೆ ಏನು ಸಿಗುತ್ತದೆ ನೋಡಿ: 2010ರಲ್ಲಿ ಅರ್ಥಶಾಸ್ತ್ರಜ್ಞರಾದ ರೈನ್‌ಹಾರ್ಟ್ ಮತ್ತು ರೋಗಾಫ್, ಸರ್ಕಾರದ ಸಾಲ ಜಿಡಿಪಿಯ ಶೇ. 90 ದಾಟಿದರೆ ಸರಾಸರಿ ಬೆಳವಣಿಗೆ ಶೇ. -0.1 ಎಂದರು, ಖರ್ಚು ಕಡಿತದ ರಾಜಕಾರಣಿಗಳು ಅದನ್ನೇ ಜಪಿಸಿದರು. 2013ರಲ್ಲಿ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ ಅವರ ಎಕ್ಸೆಲ್ ಕಡತ ಕೇಳಿ ಪಡೆದು ನೋಡಿದರೆ, ಸೂತ್ರ ಐದು ದೇಶಗಳನ್ನೇ ನುಂಗಿತ್ತು. ಅದನ್ನೂ, ಬಿಟ್ಟುಹೋದ ವರ್ಷಗಳನ್ನೂ, ಸರಾಸರಿ ತೆಗೆದ ಕ್ರಮವನ್ನೂ ತಿದ್ದಿದಾಗ ಬಂದದ್ದು ಶೇ. 2.2.

"ಮೊದಲೇ ಕೊಟ್ಟರೆ ಕದೀತಾರಪ್ಪ!" ನಿಜವಾದ ಭಯವೇ. ಹಾಗಾದರೆ ವಿಮರ್ಶಕರಿಗೆ ಗುಟ್ಟಾಗಿ ಕೊಡಿ, ಅಚ್ಚಾದ ದಿನ ಎಲ್ಲರಿಗೂ. "ರೋಗಿಗಳ ಖಾಸಗಿತನ?" ರೋಗಿಯ ವಿವರ ಮುಚ್ಚಿಡಿ ಸಾರ್, ಕೋಡ್‌ಗೆ ಯಾವ ರೋಗ?