ಮುತ್ತಂಗ ಮಂಗಳಕಾಲ ನಿರ್ಣಯವು

ಕಚೇರಿಗೆ ಮಂಗಳ ಯಾವಾಗ ಹಾಡಬೇಕೆಂಬ ವಿಷಯದಲ್ಲಿ ಎರಡು ಮತಗಳಿವೆ. ತುಕಡಾಗಳು ಮುಗಿದ ಮೇಲೆ ಎಂದು ಮೈಸೂರಿನವರು. ಗೇಟು ಬೀಳುವ ಮೊದಲು ಎಂದು ಮುತ್ತಂಗದವರು. ಎರಡನೆಯದೇ ಸಿದ್ಧಾಂತ.

ಹೇಗೆಂದರೆ, ಹಿಂದೆ 212 ಎನಿಸಿಕೊಂಡಿದ್ದ ಈಗಿನ 766ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ, ಬಂಡೀಪುರದ ಕಾಡಿನೊಳಗೆ, 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ. ಆಂಬುಲೆನ್ಸಿಗೆ ವಿನಾಯಿತಿ ಉಂಟು, ಪಿಟೀಲಿಗೆ ಇಲ್ಲ. ಆದಕಾರಣ ವಾದ್ಯವೃಂದದ ವಾರ್ಷಿಕೋತ್ಸವಕ್ಕೆ ಮೈಸೂರಿನಿಂದ ಪಿಟೀಲು, ವೀಣೆ ಕರೆಸುವವರು ರಾಹುಕಾಲದ ಪಕ್ಕದಲ್ಲಿ ಗೇಟುಕಾಲವನ್ನೂ ಗುರುತು ಹಾಕಿಕೊಳ್ಳತಕ್ಕದ್ದು. ರಾಹುವಿಗೆ ಶಾಂತಿ ಮಾಡಿಸಬಹುದು. ಗೇಟಿಗೆ ಲಾಡ್ಜೊಂದೇ ಪ್ರಾಯಶ್ಚಿತ್ತ, ಅದರ ಬಿಲ್ಲು ಸಮಿತಿಯದು.

ಈಗ ವಾದ್ಯವೃಂದದ ಲಕ್ಷಣ. ‘ಒಂದೇ ಶ್ರುತಿಯಲ್ಲಿ ನುಡಿಸುವವರ ಗುಂಪು’ ಎಂದರೆ ಅವ್ಯಾಪ್ತಿ ದೋಷ, ನಮ್ಮದು ಹೊರಗುಳಿಯುತ್ತದೆ. ‘ವೇದಿಕೆಯ ಮೇಲೆ ಕೂತವರ ಗುಂಪು’ ಎಂದರೆ ಅತಿವ್ಯಾಪ್ತಿ, ಭಾಷಣಕಾರರೂ ಒಳಗೆ ಬಂದುಬಿಡುತ್ತಾರೆ. ‘ಯಾರ ಮನೆಯವರು ಮುಂದಿನ ಸಾಲಿನಲ್ಲಿ ಕೂತು ಫೋಟೊ ತೆಗೆಯುವರೋ ಅವರು’ ಎಂಬುದೇ ನಿರ್ದುಷ್ಟ. ನಮ್ಮ ಕೊಳಲಿನವರು ಎಚ್.ಡಿ. ಕೋಟೆಯಲ್ಲಿ ಜಮೀನು ಗುತ್ತಿಗೆ ಹಿಡಿದು ಶುಂಠಿ ಬೆಳೆಯುವವರು. ಅವರ ಗಾಂಧಾರಕ್ಕೆ ಸ್ವಲ್ಪ ಮಣ್ಣಿನ ವಾಸನೆ.

ಇಲ್ಲಿ ಪೂರ್ವಪಕ್ಷ: ಘನ ವಿದ್ವಾಂಸರಿಗೆ ಗಡಿಯಾರವೇ? ತಿರುಮಕೂಡಲಿನ ಚೌಡಯ್ಯನವರು ದೂರ ಕೂತವರಿಗೂ ಕೇಳಲೆಂದು ನಾಲ್ಕು ತಂತಿಯ ಪಿಟೀಲಿಗೆ ಏಳು ತಂತಿ ಹೂಡಲಿಲ್ಲವೇ? ಹೂಡಿದರು, ಹಿಂದಿನ ಸಾಲನ್ನು ಗೆದ್ದರು. ಆದರೆ ಎಪ್ಪತ್ತು ತಂತಿ ಹೂಡಿದರೂ ಮೂಲೆಹೊಳೆಯ ಗೇಟು ಮೇಲೇಳದು.

ದಾತೃವಿಚಾರ. 1950ರ ಮೇ 22ರಂದು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು ಮೊದಲ ಬಾರಿಗೆ ಕೇಳಿಬಂದವು. ಖರ್ಚಿಗೆ ಹೊಣೆ ನಿಂತವರು ನಮ್ಮ ಜಯಚಾಮರಾಜ ಒಡೆಯರು, ಅವರಿಗೇ ಹೋಗಲಾಗಲಿಲ್ಲ. ದಾತರೆಂದರೆ ಹಾಗಿರಬೇಕು. ನಮ್ಮ ದಾತರು ಬಂದರು. ಬಂದವರ ಕೈಗೆ ಮೈಕು ಬಂತು, ನಲವತ್ತು ನಿಮಿಷ ಹೋಯಿತು. ಆಮೇಲೆ ಶಾಲು, ಹಾರ, ಹಣ್ಣಿನ ಬುಟ್ಟಿ.

ಕಚೇರಿ ನಡೆದ ಬತ್ತೇರಿಯಿಂದ ಮುತ್ತಂಗಕ್ಕೆ ಸುಮಾರು 15 ಕಿ.ಮೀ. ದಾರಿಯಲ್ಲಿ ಆನೆ ನಿಂತಿದ್ದರೆ ಅದು ಸರಿಯುವವರೆಗೆ ಕಾಯಬೇಕು, ಹಾರನ್ ಶಾಸ್ತ್ರನಿಷಿದ್ಧ. ವೀಣೆಯನ್ನು ಹಿಂದಿನ ಸೀಟಿನಲ್ಲಿ ದಿಂಬಿನ ಮೇಲೆ ಮಲಗಿಸಲು ಐದು ನಿಮಿಷ. ಆದ್ದರಿಂದ ಎಂಟಕ್ಕೇ ಮಂಗಳ ಆಗಬೇಕಿತ್ತು. ಎಂಟಕ್ಕೆ ತೋಡಿಯ ಆಲಾಪನೆ ಶುರುವಾಯಿತು!

ಎಂಟೂ ಹತ್ತಕ್ಕೆ ಪಕ್ಕದ ಪರದೆಯ ಸಂದಿಯಲ್ಲಿ ಡ್ರೈವರ್ ಕಾಣಿಸಿಕೊಂಡ. ಮಾತಿಲ್ಲ. ಕಾರಿನ ಕೀಲಿಯನ್ನು ತೋರುಬೆರಳಿಗೆ ಹಾಕಿ ತಿರುಗಿಸುತ್ತಿದ್ದ, ಯಾವ ತಾಳಕ್ಕೂ ಸೇರದ ಕಿಣಿಕಿಣಿ. ಪಿಟೀಲಿನವರು ಕಣ್ಣು ತೆರೆಯಲಿಲ್ಲ. ಕಮಾನು ಒಮ್ಮೆ ಎಳೆಯುವಷ್ಟರಲ್ಲಿ ತೋಡಿ ಹೋಗಿ ಮಧ್ಯಮಾವತಿ ಬಂದಿತ್ತು. ಇದು ಗ್ರಹಭೇದವಲ್ಲ, ವಾಹನಭೇದವೆಂದು ತಿಳಿಯತಕ್ಕದ್ದು. ತನಿಗಾಗಿ ಬೆರಳು ಬಿಸಿ ಮಾಡಿಕೊಂಡು ಕೂತಿದ್ದ ಮೃದಂಗದವರಿಗೆ ಮೂರೇ ಆವರ್ತ ದಕ್ಕಿತು. ಮಿಕ್ಕಿದ್ದನ್ನು ಅವರು ಡ್ಯಾಶ್‌ಬೋರ್ಡಿನ ಮೇಲೆ ಮದ್ದೂರು ಚೆಕ್‌ಪೋಸ್ಟಿನವರೆಗೂ ನುಡಿಸಿದರಂತೆ (ಇದು ಗುಂಡ್ಲುಪೇಟೆಯ ಮದ್ದೂರು, ವಡೆಯ ಮದ್ದೂರಲ್ಲ).

8.55ಕ್ಕೆ ಫೋನು ಬಂತು: “ಸಾರ್, ಗೇಟ್ ದಾಟಿದ್ವಿ.” ನೋಡಿದರೆ ಹಣ್ಣಿನ ಬುಟ್ಟಿ ವೇದಿಕೆಯ ಮೇಲೇ ಉಳಿದಿತ್ತು. ಬೆಳಿಗ್ಗೆ ಆರರ ಮೊದಲ ಬಸ್ಸಿಗೆ ಹಾಕಿ ಕಳಿಸೋಣ ಎಂದರು ಕಾರ್ಯದರ್ಶಿಗಳು. ಅಷ್ಟರಲ್ಲಿ ಕೊಳಲಿನವರು ಒಂದು ಬಾಳೆಹಣ್ಣು ಸುಲಿದಾಗಿತ್ತು.